ಪಿಯು ರಿಸಲ್ಟ್‌ಗೆ ಕಾಯಬೇಡಿ: ಕಾನೂನು ಓದಬೇಕೆಂದ ಹುಡುಗಿಯ ಪ್ರಕರಣ

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದೆ.)

ಸವಿತಾ ಹಾವೇರಿ ಜಿಲ್ಲೆಯ ಹುಡುಗಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ದ್ವಿತೀಯ ಪಿಯುಸಿ ಕಲಾ ವಿಭಾಗ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಬೇಕೆಂಬ ಆಸೆ. ಜೂನ್‌ನಲ್ಲಿ ತಂದೆಯ ಜೊತೆ ನನ್ನ ಬಳಿ ಸಲಹೆ ಕೇಳಲು ಬಂದಳು. ಅವರದು ಗೊಬ್ಬರದ ಅಂಗಡಿ. ಕೂತವರೇ ಕೇಳಿದರು: "ಇದನ್ನೆಲ್ಲಾ ಪಿಯು ರಿಸಲ್ಟ್ ಬಂದ ಮ್ಯಾಲೆ ನೋಡಿದ್ರಾತಲ್ರೀ ಮೇಡಮ್?"

ನಮ್ಮ ಸಣ್ಣ ಊರುಗಳ ಮಕ್ಕಳ ಕೈಗೆ ಇಂಥ ಸೀಟು ಸಿಗದಿರಲು ಬುದ್ಧಿಯ ಕೊರತೆಗಿಂತ ಈ ನಂಬಿಕೆಯೇ ದೊಡ್ಡ ಕಾರಣ ಎಂದು ನನಗೆ ಅನಿಸಿದೆ. ಇಂಥ ಕಾನೂನು ವಿಶ್ವವಿದ್ಯಾಲಯಗಳಿಗೆ ಇರುವ ಸಾಮಾನ್ಯ ಪ್ರವೇಶ ಪರೀಕ್ಷೆ ಕ್ಲಾಟ್ 2024ರಲ್ಲಿ ಡಿಸೆಂಬರ್ 1ರಂದು, 2025ರಲ್ಲಿ ಡಿಸೆಂಬರ್ 7ರಂದು ನಡೆಯಿತು. ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಪಿಯು ಅಂಕ ಹಿಡಿದು ಬಂದವರಿಗೆ ಒಂದು ವರ್ಷ ಕಾಯುವುದೇ ಗತಿ. ಇದನ್ನು ಕ್ಯಾಲೆಂಡರ್ ತೋರಿಸಿಯೇ ಹೇಳಿದೆ. ತಂದೆ ಮೊಬೈಲ್ ತೆಗೆದು ಡಿಸೆಂಬರ್ ತಿಂಗಳು ನೋಡಿ ಸುಮ್ಮನಾದರು.

ಸವಿತಾಳ ಭಯ ಇಂಗ್ಲಿಷ್. ಪತ್ರಿಕೆ ಇರುವುದು ಇಂಗ್ಲಿಷ್‌ನಲ್ಲೇ: 2 ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ, ಬಹುತೇಕ ಎಲ್ಲವೂ ಒಂದು ಗದ್ಯಭಾಗ ಓದಿ ಉತ್ತರಿಸುವಂಥವು. ಒಂದು ಮಾದರಿ ಕೊಟ್ಟು ಪಕ್ಕದಲ್ಲೇ ಕೂತೆ. ಬಾಡಿಗೆ ಮನೆಯ ತಕರಾರು ಅದು. ಓದಿ ಅರ್ಥ ಮಾಡಿಕೊಂಡಳು, ಆದರೆ ಉತ್ತರ ತಪ್ಪು. ಯಾಕೆ ಇದನ್ನು ಆರಿಸಿದೆ ಎಂದರೆ, "ಪಾಪ, ಬಾಡಿಗೆಯವರು ಸಣ್ಣ ಮಕ್ಕಳನ್ನ ಕಟ್ಕೊಂಡು ಎಲ್ಲಿ ಹೋಗ್ತಾರ್ರೀ?" ಅಂದಳು. ಅಂದರೆ ತೊಡಕು ಇಂಗ್ಲಿಷ್‌ನದಲ್ಲ. ಕಾನೂನಿನ ವಿಭಾಗದಲ್ಲಿ ಮೊದಲೇ ಕಾನೂನು ಗೊತ್ತಿರಬೇಕಿಲ್ಲ. ಅಲ್ಲೇ ಕೊಟ್ಟ ನಿಯಮವನ್ನು ಅಲ್ಲೇ ಕೊಟ್ಟ ಸಂಗತಿಗೆ ಹಚ್ಚಬೇಕು, ಅಷ್ಟೇ. ಉತ್ತರ ಗುರುತಿಸುವ ಮೊದಲು ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡು, ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ಬಿಡು ಎಂದೆ. ಮುಂದಿನ ಗದ್ಯದಲ್ಲೇ ವ್ಯತ್ಯಾಸ ಕಂಡಿತು. ಅವಳ ಕನಿಕರ ಒಳ್ಳೆಯ ಗುಣ, ವಕೀಲಿಕೆಗೆ ಬೇಕಾದದ್ದೇ. ಅದನ್ನೂ ಅವಳಿಗೆ ಹೇಳಿದೆ.

ಓದಿನ ವೇಗಕ್ಕೆ ಅವಳಲ್ಲೇ ಒಂದು ಬಂಡವಾಳವಿತ್ತು: ದಿನವೂ ಕನ್ನಡ ಪತ್ರಿಕೆ ಓದುವ ರೂಢಿ. ಬೆಳಿಗ್ಗೆ ಕನ್ನಡದಲ್ಲಿ ಓದಿದ ಸುದ್ದಿಯನ್ನೇ ಸಂಜೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಲು ಸೂಚಿಸಿದೆ. ವಿಷಯ ಗೊತ್ತಿರುವುದರಿಂದ ಪದಗಳು ತಡೆಯುವುದಿಲ್ಲ, ಪ್ರಚಲಿತ ವಿದ್ಯಮಾನದ ತಯಾರಿಯೂ ಜೊತೆಗೇ ಆಗುತ್ತದೆ. ಸಾಮಾನ್ಯ ಜ್ಞಾನದ ದಪ್ಪ ಗೈಡುಗಳನ್ನು ಉರು ಹೊಡೆಯುವುದು ಬೇಡ ಅಂದೆ. ಗಣಿತದ ಪ್ರಶ್ನೆಗಳು 10ರಿಂದ 14, ಅದೂ ಹತ್ತನೇ ತರಗತಿಯ ಮಟ್ಟದವು. ಶೇಕಡಾವಾರು, ಅನುಪಾತ, ಸರಾಸರಿ ಚೆನ್ನಾಗಿ ಮಾಡಿಕೊಂಡರೆ ಸಾಕು.

ಕಾಲೇಜಿಗೆ ಹೆಸರಿಗಷ್ಟೇ ಹೋಗಿ ಬೆಂಗಳೂರಿನಲ್ಲಿ ಕೋಚಿಂಗ್ ಸೇರಿಸುವ ಯೋಚನೆ ತಂದೆಗಿತ್ತು. ನಾನು ಒಪ್ಪಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಕ್ಲಾಟ್ ಒಕ್ಕೂಟದ ಜಾಲತಾಣದಲ್ಲೇ ಉಚಿತ. ಭಾನುವಾರ ಗಡಿಯಾರ ಇಟ್ಟುಕೊಂಡು ಒಂದು ಪತ್ರಿಕೆ ಬಿಡಿಸಿ, ಸೋಮವಾರ ತಪ್ಪುಗಳನ್ನಷ್ಟೇ ಕೂತು ನೋಡುವುದು ಅವಳಿಗೆ ಹೆಚ್ಚು ಉಪಯೋಗ.

ಇನ್ನೊಂದು ಸಂಗತಿ ಇಬ್ಬರಿಗೂ ಗೊತ್ತಿರಲಿಲ್ಲ. ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ, ಅಂದರೆ ಸಾಮಾನ್ಯ ವರ್ಗವೂ ಸೇರಿ ಪ್ರತಿ ವರ್ಗದ ಒಳಗೇ ಅನ್ವಯವಾಗುವ ಮೀಸಲಾತಿ ಇದೆ. ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಅರ್ಜಿಯಲ್ಲೇ ಅದನ್ನು ಗುರುತಿಸಬೇಕು. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತಂದಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದರೆ ಕಷ್ಟ ಎಂದೆ. ಶುಲ್ಕ ಲಕ್ಷಗಳಲ್ಲಿದೆ, ಮುಚ್ಚಿಡಲಿಲ್ಲ. ಅಗತ್ಯವಿದ್ದವರಿಗೆ ಸಂಸ್ಥೆ ಆರ್ಥಿಕ ನೆರವು ಕೊಡುತ್ತದೆ. ಅದಕ್ಕೆ ಆದಾಯ ಪ್ರಮಾಣಪತ್ರವನ್ನೂ ಸಿದ್ಧವಿಡಲು ತಿಳಿಸಿದೆ.

ಹೊರಡುವಾಗ ತಂದೆ ಕೇಳಿದರು: "ಸಿಗಲಿಲ್ಲಂದ್ರ ಒಂದು ವರ್ಷ ಹಾಳಾಕ್ಕತೇನ್ರೀ?" ಇಲ್ಲ. ಬೇರೆ ಹಲವು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳೂ ಇದೇ ಕ್ಲಾಟ್ ಅಂಕ ನೋಡುತ್ತವೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯ ಐದು ವರ್ಷದ ಕೋರ್ಸುಗಳಿಗೆ ಪಿಯು ಅಂಕ ಬೇಕು. ಹಾಗಾಗಿ ಕ್ಲಾಟ್ ಮುಗಿದ ಮರುದಿನದಿಂದ ಪೂರ್ತಿ ಗಮನ ಬೋರ್ಡ್ ಪರೀಕ್ಷೆಗೆ ಎಂದು ಮೂವರೂ ಮಾತಾಡಿಕೊಂಡೆವು.