ರೊಬಸ್ಟಾ ತುಂಡಿಗೆ ಬೇರು ಬಂದರೂ ಗಿಡ ನೆಟ್ಟಗೆ ಏಳದಿರುವುದೇಕೆ?

ನಮಸ್ಕಾರ. ರೊಬಸ್ಟಾ ಕಾಫಿಯ ಅಡ್ಡರೆಂಬೆ ತುಂಡಿಗೆ ಬೇರು ಬಂದರೂ ಗಿಡ ಮೇಲೇಳದೆ ನೆಲಕ್ಕೇ ಹರಡುತ್ತಿದೆ, ಗೊಬ್ಬರ ಸಾಲದೇ ಎಂದು ಕೇಳಿದ್ದೀರಿ. ಗೊಬ್ಬರದ ತಪ್ಪಲ್ಲ. ವಿರಾಜಪೇಟೆ ಕಡೆಯ ನಮ್ಮ ತೋಟದಲ್ಲೂ ಹೀಗೇ ಆಗಿತ್ತು.

ಚಿಗುರು, ಎಳೆ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನ್ ಕಾಂಡದಲ್ಲಿ ಕೆಳಗಿಳಿಯುತ್ತದೆ. ಕತ್ತರಿಸಿದ ಕಡೆ ಮುಂದೆ ದಾರಿಯಿಲ್ಲದೆ ಅಲ್ಲೇ ಸೇರಿಕೊಳ್ಳುತ್ತದೆ. ಆಗ ನಾಳಗಳ ಸುತ್ತಲಿನ ಕೆಲವು ಜೀವಕೋಶಗಳು ಹಳೆ ಕೆಲಸ ಬಿಟ್ಟು, ವಿಭಜನೆಯಾಗಿ, ಬೇರಾಗುತ್ತವೆ. ಹೊಸ ಜೀನ್ ಯಾವುದೂ ಬರುವುದಿಲ್ಲ. ಸುಮ್ಮನಿದ್ದ ಜೀನ್‌ಗಳು ಕೆಲಸಕ್ಕಿಳಿಯುತ್ತವೆ, ಅಷ್ಟೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದಲ್ಲಿ ಇದನ್ನು ಚೆನ್ನಾಗಿ ತೋರಿಸಿದರು: ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನ್‌ಗಿಂತ ಆಕ್ಸಿನ್ ಪ್ರಮಾಣ ಹೆಚ್ಚಿದ್ದರೆ ಬೇರು, ಕಡಿಮೆಯಿದ್ದರೆ ಚಿಗುರು.

ಆದರೆ ನಿಮ್ಮ ತುಂಡಿನಲ್ಲಿ ಬದಲಾದದ್ದು ಬುಡದ ಕೋಶಗಳು ಮಾತ್ರ. ಮೇಲಿನ ಮೊಗ್ಗು ಇನ್ನೂ ಅಡ್ಡರೆಂಬೆಯದ್ದೇ, ಆ ಗುರುತನ್ನು ಅದು ಬಿಡುವುದಿಲ್ಲ. ಒಂದೇ ತುಂಡಿನ ಬುಡ ಅಷ್ಟು ಬೇಗ ಬದಲಾಗಿ, ತುದಿ ಇಷ್ಟು ಹಠ ಹಿಡಿಯುವುದು ನನಗೆ ಇವತ್ತಿಗೂ ಬೆರಗು. ನಮ್ಮ ಕರಿಮೆಣಸೂ ಹಾಗೇ: ಕಾಯಿ ಬಿಡುವ ಅಡ್ಡಕವಲು ನೆಟ್ಟರೆ ಮರ ಹತ್ತದೆ ಪೊದೆಯಾಗುತ್ತದೆ. ಕುಂಡದಲ್ಲಿ ಬೆಳೆಸುವವರು ಬೇಕೆಂದೇ ಹಾಗೆ ಮಾಡುತ್ತಾರೆ.

ಮುಂದಿನ ಸಲ ನೆಟ್ಟಗೆ ಮೇಲೇಳುವ, ಹಸಿರಾಗಿರುವ ಕಂಬಚಿಗುರಿನಿಂದ ಒಂದು ಗಣ್ಣಿನ ತುಂಡು ತೆಗೆಯಿರಿ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ನೆರಳು, ತೇವದಲ್ಲಿಡಿ.