ಕುಡಿಯದವರಿಗೆ ಕೆಂಟಕಿಯಲ್ಲಿ ಏನಿದೆ?

ನಮ್ಮ ಪ್ರವಾಸ ಸಂಚಿಕೆಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಬಗ್ಗೆ ಬಂದ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ: ‘ಕುದುರೆ ಜೂಜು, ವಿಸ್ಕಿ ಭಟ್ಟಿ ಇವನ್ನೆಲ್ಲ ಪರಂಪರೆ ಎಂದು ಕೊಂಡಾಡುವುದು ನಿಮ್ಮ ಪತ್ರಿಕೆಗೆ ಶೋಭೆಯೇ? ಮಗಳು ಲೆಕ್ಸಿಂಗ್ಟನ್‌ನಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ನಾನೂ ಯಜಮಾನರೂ ಹೋಗುವವರಿದ್ದೇವೆ. ಕುಡಿಯದ, ಬಾಜಿ ಕಟ್ಟದ ನಮ್ಮಂಥವರಿಗೆ ಅಲ್ಲಿ ನೋಡಲು ಏನಾದರೂ ಇದೆಯೇ?’

ಸಂಪಾದಕರ ಉತ್ತರ:

ಇದೆ ಅಮ್ಮಾ, ಬೇಕಾದಷ್ಟಿದೆ. ಲೆಕ್ಸಿಂಗ್ಟನ್ ಸುತ್ತಲಿನ ಸೀಮೆಗೆ ‘ಬ್ಲೂಗ್ರಾಸ್’ ಎಂದು ಹೆಸರು. ಹುಲ್ಲು ನೀಲಿಯಾಗಿರುತ್ತದೆಂದು ಹುಡುಕಬೇಡಿ, ಹಸಿರೇ. ಅದೂ ಯುರೋಪಿನಿಂದ ಬಂದದ್ದು. ಆ ಸೀಮೆಯ ಸ್ವಂತ ಆಸ್ತಿಯೆಂದರೆ ಹುಲ್ಲಿನಡಿಯ ಸುಣ್ಣಕಲ್ಲು. ಅದರೊಳಗೆ ಇಳಿದು ಬರುವ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಕಬ್ಬಿಣ ತೀರಾ ಕಡಿಮೆ. ಆ ನೀರು ಕುಡಿದು ಆ ಹುಲ್ಲು ಮೇಯ್ದರೆ ಮರಿಗಳ ಎಲುಬು ಗಟ್ಟಿಯಾಗುತ್ತದೆ ಎನ್ನುವುದು ಕುದುರೆ ಸಾಕುವವರ ಮಾತು. ವಿಸ್ಕಿಯ ಬಣ್ಣ, ರುಚಿ ಎರಡನ್ನೂ ಕೆಡಿಸುವುದು ಕಬ್ಬಿಣ, ಹಾಗಾಗಿ ಭಟ್ಟಿಯವರಿಗೂ ಅದೇ ನೀರು ಬೇಕು. ಎರಡು ಕಸುಬೂ ಒಂದೇ ಬಂಡೆಯ ಮೇಲೆ ನಿಂತಿವೆ.

ವಿಸ್ಕಿಯ ಮಾತನ್ನು ಬೇಗ ಮುಗಿಸುತ್ತೇನೆ. ಅಲ್ಲಿನ ವಿಸ್ಕಿ ಬರ್ಬನ್. ಅರ್ಧಕ್ಕಿಂತ ಹೆಚ್ಚು, ಅಂದರೆ ಕನಿಷ್ಠ 51 ಶೇಕಡಾ, ಮೆಕ್ಕೆಜೋಳವಿರಬೇಕು. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಇದು ಕಾನೂನು. ಒಮ್ಮೆ ಬರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವ ಹಾಗಿಲ್ಲ. ಖಾಲಿಯಾದವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋದಲ್ಲಿ ಮಾರುಕಟ್ಟೆಗೆ ಬಿಟ್ಟ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಮಾಗುವುದಕ್ಕೆ ಇಂಥ ಪೀಪಾಯಿಗಳನ್ನೂ ಬಳಸುತ್ತಾರೆ. ಭಟ್ಟಿಯ ಉಗ್ರಾಣಗಳ ಬಳಿ ಹೋದರೆ ಗೋಡೆ, ಮರದ ಕಾಂಡ, ಬೇಲಿ ಎಲ್ಲಕ್ಕೂ ಮಸಿ ಬಳಿದಂತೆ ಕಾಣುತ್ತದೆ. ಪೀಪಾಯಿಯಿಂದ ಆವಿಯಾಗುವ ಮದ್ಯವನ್ನುಂಡು ಬೆಳೆಯುವ ಬೂಷ್ಟು ಅದು. ಅಕ್ಕಪಕ್ಕದ ಮನೆಯವರು ಇದಕ್ಕಾಗಿ ಕೋರ್ಟು ಮೆಟ್ಟಿಲನ್ನೂ ಹತ್ತಿದ್ದಾರೆ. ನಮ್ಮ ಲೇಖನದಲ್ಲಿ ಇದೂ ಇರಬೇಕಿತ್ತು ಎಂದು ನೀವು ಹೇಳಿದರೆ ನಾನು ವಾದಿಸುವುದಿಲ್ಲ.

ನೀವು ಬಿಡುವು ಮಾಡಿಕೊಂಡು ನೋಡಬೇಕಾದದ್ದು ಕುದುರೆಗಳನ್ನು. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಮಾನ್ಯತೆ ಇಲ್ಲ. ಹಾಗೆ ಹುಟ್ಟಿದ ಮರಿ ರೇಸಿಗೆ ನೋಂದಣಿಯಾಗುವುದೇ ಇಲ್ಲ. ಆದ್ದರಿಂದ ಹೆಣ್ಣುಕುದುರೆಯನ್ನು ಲಾರಿಯಲ್ಲಿ ಹತ್ತಿಸಿ ಗಂಡಿನ ಫಾರ್ಮಿಗೇ ಕರೆತರಬೇಕು. ಹೊತ್ತು ಹೆರಲು ಹನ್ನೊಂದು ತಿಂಗಳು. ಯಾವ ತಿಂಗಳಲ್ಲೇ ಹುಟ್ಟಲಿ, ಲೆಕ್ಕಕ್ಕೆ ಎಲ್ಲ ಮರಿಗಳ ಜನ್ಮದಿನ ಜನವರಿ 1. ನಮ್ಮೂರ ಮೇಷ್ಟ್ರು ಎಲ್ಲ ಹುಡುಗರಿಗೂ ಜೂನ್ 1 ಬರೆದ ಹಾಗೆ! ವರ್ಷದ ಮೊದಲಲ್ಲೇ ಹುಟ್ಟಿದ ಮರಿ ರೇಸಿನ ವಯಸ್ಸಿಗೆ ಬರುವಾಗ ತಡವಾಗಿ ಹುಟ್ಟಿದ್ದಕ್ಕಿಂತ ಬಲಿತಿರುತ್ತದೆ. ಆದ್ದರಿಂದಲೇ ಫೆಬ್ರವರಿಯಿಂದ ಫಾರ್ಮುಗಳಲ್ಲಿ ಇಷ್ಟು ಅವಸರ. ನೀವು ಹೋಗುವ ಏಪ್ರಿಲ್‌ನಲ್ಲಿ ತಾಯಿಯ ಪಕ್ಕಕ್ಕೆ ಅಂಟಿಕೊಂಡು ಓಡುವ ಉದ್ದ ಕಾಲಿನ ಮರಿಗಳು ಪ್ರತಿ ಹುಲ್ಲುಗಾವಲಿನಲ್ಲೂ ಕಾಣಸಿಗುತ್ತವೆ.

ಈಗ ಪರಂಪರೆಯ ಮಾತು. 1875ರಲ್ಲಿ ಲೂಯಿವಿಲ್‌ನಲ್ಲಿ ಕೆಂಟಕಿ ಡರ್ಬಿ ಎಂಬ ಹೆಸರಾಂತ ಕುದುರೆ ರೇಸು ಮೊದಲ ಸಲ ನಡೆದಾಗ 15 ಜಾಕಿಗಳಲ್ಲಿ, ಅಂದರೆ ಸವಾರರಲ್ಲಿ, 13 ಮಂದಿ ಕಪ್ಪು ಜನ. ಗೆದ್ದ ಅರಿಸ್ಟೈಡ್ಸ್ ಮೇಲೆ ಕುಳಿತಿದ್ದವನು ಆಲಿವರ್ ಲೂಯಿಸ್, ಅವನೂ ಕಪ್ಪು. ಗುಲಾಮಗಿರಿಯ ಕಾಲದಿಂದಲೂ ಲಾಯದ ಚಾಕರಿಯೆಲ್ಲ ಅವರ ತಲೆಯ ಮೇಲೇ ಇತ್ತು, ಕುದುರೆಯ ಮನಸ್ಸು ಬಲ್ಲವರೂ ಅವರೇ. ಮೊದಲ 28 ಡರ್ಬಿಗಳಲ್ಲಿ 15ನ್ನು ಗೆದ್ದರು. ಅವರಲ್ಲೊಬ್ಬನಾದ ಐಸಾಕ್ ಮರ್ಫಿ 1884, 1890, 1891ರಲ್ಲಿ ಮೂರು ಸಲ ಗೆದ್ದ. ಆಮೇಲೆ ವರ್ಣಭೇದ ಗಟ್ಟಿಯಾಯಿತು, ಅವರನ್ನು ಕಣದಿಂದಲೇ ಒತ್ತರಿಸಿದರು. 1901, 1902ರ ಡರ್ಬಿ ಗೆದ್ದ ಜಿಮ್ಮಿ ವಿಂಕ್‌ಫೀಲ್ಡ್ ರಷ್ಯಾಕ್ಕೆ ಹೋಗಿ ಕುದುರೆ ಓಡಿಸಿದ. ಮುದುಕನಾಗಿ 1961ರಲ್ಲಿ ಲೂಯಿವಿಲ್‌ನ ಔತಣಕ್ಕೆ ಅತಿಥಿಯಾಗಿ ಬಂದಾಗ ಹೋಟೆಲಿನ ಮುಂಬಾಗಿಲಲ್ಲಿ ಅವನನ್ನು ತಡೆದರು. 1921ರ ನಂತರ ಡರ್ಬಿಯಲ್ಲಿ ಕಪ್ಪು ಜಾಕಿ ಮತ್ತೆ ಕಂಡದ್ದು 2000ದಲ್ಲಿ. ನನ್ನ ಮಟ್ಟಿಗೆ ಆ ಸೀಮೆಯ ಪರಂಪರೆ ಇದು. ಇದನ್ನು ಬಿಟ್ಟು ಡರ್ಬಿ ನೋಡಲು ಬರುವವರ ಬಣ್ಣದ ಟೋಪಿಗಳನ್ನಷ್ಟೇ ಬರೆದರೆ ಅದು ಬರೀ ಜಾಹೀರಾತು.

ಮರ್ಫಿ ಸತ್ತು ದಶಕಗಳ ತನಕ ಅವನ ಗೋರಿಯ ಗುರುತೇ ಇರಲಿಲ್ಲ. ಈಗ ಅದು ಲೆಕ್ಸಿಂಗ್ಟನ್‌ನ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿದೆ. ಮ್ಯಾನ್ ಓ ವಾರ್ ಎಂಬ ಮಹಾ ಓಟಗಾರ ಕುದುರೆಯ ಸಮಾಧಿಯೂ ಅಲ್ಲೇ. ತಪ್ಪದೆ ಹೋಗಿ. ಪ್ಯಾರಿಸ್ ಎಂಬ ಸಣ್ಣ ಊರಿನ ಬಳಿಯ ಕ್ಲೇಬೋರ್ನ್ ಫಾರ್ಮಿನಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆಯ ಸಮಾಧಿಯಿದೆ. 1973ರಲ್ಲಿ ಅದು 2 ಕಿಲೋಮೀಟರಿನ ಡರ್ಬಿಯನ್ನು 2 ನಿಮಿಷದೊಳಗೆ ಓಡಿ ಮುಗಿಸಿದ ದಾಖಲೆಯನ್ನು ಇನ್ನೂ ಯಾವ ಕುದುರೆಯೂ ಮುರಿದಿಲ್ಲ. ಸಾಮಾನ್ಯವಾಗಿ ಹೆಸರಾಂತ ಕುದುರೆಗಳ ತಲೆ, ಹೃದಯ, ಗೊರಸುಗಳನ್ನಷ್ಟೇ ಹೂಳುತ್ತಾರೆ. ಇದನ್ನು ಇಡಿಯಾಗಿ ಹೂತರು.

ಏಪ್ರಿಲ್ ಒಳ್ಳೆಯ ಆಯ್ಕೆ. ಲೆಕ್ಸಿಂಗ್ಟನ್‌ನ ಕೀನ್‌ಲ್ಯಾಂಡ್ ರೇಸ್ ಮೈದಾನದಲ್ಲಿ ವಸಂತದ ರೇಸು ಆಗಲೇ. ಬಾಜಿ ಕಟ್ಟುವವರ ಗದ್ದಲ ಬೇಡವಾದರೆ ಬೆಳಗ್ಗೆಯೇ ಹೋಗಿ, ಕುದುರೆಗಳ ತಾಲೀಮನ್ನು ಬೇಲಿಯ ಪಕ್ಕದಲ್ಲಿ ನಿಂತು ನೋಡಬಹುದು. ಬೆಳಗಿನ ಚಳಿಗೆ ಸ್ವೆಟರ್ ಇರಲಿ. ಮೇ ಮೊದಲ ಶನಿವಾರದ ಡರ್ಬಿಗೆ ಲೂಯಿವಿಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಾಡಿಗೆ ಗಗನಕ್ಕೇರುತ್ತದೆ, ಅದರ ಗೊಡವೆ ನಿಮಗೆ ಬೇಡ. ಫಾರ್ಮುಗಳಿಗೆ ಮಾತ್ರ ಹೇಳದೆ ಕೇಳದೆ ಹೋಗುವಂತಿಲ್ಲ. ಈಗಲೇ ಮಗಳಿಗೆ ಫೋನ್ ಮಾಡಿ ಕ್ಲೇಬೋರ್ನ್ ಭೇಟಿಗೆ ಬುಕ್ ಮಾಡಿಸಿಡಿ.