ಕಂಪ್ರೆಷನ್ ಕಡಿಮೆ, ಸೋರಿಕೆ ಇಲ್ಲ: ಮೂರನೆಯ ಸಿಲಿಂಡರಿಗೆ ಏನಾಗಿದೆ?

ಪ್ರಶ್ನೆ: ಬೆಂಗಳೂರಿನ ಹಳೆಯ ಕಾರುಗಳ ವ್ಯಾಪಾರಿಯೊಬ್ಬರಿಂದ ಎರಡು ತಿಂಗಳ ಹಿಂದೆ 2019ರ ಮಾದರಿಯ, 2.0 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ನಿನ ಸ್ಪೋರ್ಟ್ಸ್ ಸೆಡಾನ್ ಕೊಂಡೆ. 61,000 ಕಿ.ಮೀ. ಓಡಿದೆ. ನಿಂತಲ್ಲಿ ಇಂಜಿನ್ ಸಣ್ಣಗೆ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಕೆಳಗಿನಿಂದ ಮಂದವಾಗಿ ಕುಟ್ಟುವ ಸದ್ದು ಬರುತ್ತದೆ. ಹೊಗೆ ಇಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ. ಪ್ಲಗ್, ಕಾಯಿಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗೆ ಏಳುವ ಗಾಳಿಯ ಒತ್ತಡ, ನೋಡಿದಾಗ ನಾಲ್ಕು ಸಿಲಿಂಡರುಗಳಲ್ಲಿ ಕ್ರಮವಾಗಿ 166, 168, 142 ಮತ್ತು 165 ಪಿ.ಎಸ್.ಐ. ಬಂತು. ಗಾಳಿಯ ಸೋರಿಕೆ ಅಳೆಯುವ ಲೀಕ್-ಡೌನ್ ಪರೀಕ್ಷೆಯಲ್ಲಿ ನಾಲ್ಕೂ ಶೇ 7ರಿಂದ 9ರ ಒಳಗಿವೆ. ಮೂರನೆಯದರ ರಿಂಗ್ (ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ) ಹೋಗಿದೆ, ಇಂಜಿನ್ ಇಳಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಂಜಿನ್ ಇಳಿಸಬೇಕಾಗಬಹುದು, ಆದರೆ ರಿಂಗಿನ ಕಾರಣಕ್ಕಲ್ಲ. ನಿಮ್ಮ ಗ್ಯಾರೇಜಿನವರು ಎರಡೂ ಪರೀಕ್ಷೆಗಳನ್ನು ಮಾಡಿದ್ದಾರೆ, ಅದು ಮೆಚ್ಚುವಂಥದ್ದು. ಆದರೆ ಮೊದಲನೆಯದರ ಫಲಿತಾಂಶವನ್ನು ಮಾತ್ರ ನಂಬಿದ್ದಾರೆ.

ಕಂಪ್ರೆಷನ್ ಪರೀಕ್ಷೆಯು ಪಿಸ್ಟನ್ ಗಾಳಿಯನ್ನು ಎಷ್ಟರಮಟ್ಟಿಗೆ ಒತ್ತಿತು ಎಂಬುದನ್ನು ತಿಳಿಸಿದರೆ, ಪಿಸ್ಟನ್ನನ್ನು ಮೇಲ್ತುದಿಗೆ ತಂದು ನಿಲ್ಲಿಸಿ ಹೊರಗಿನಿಂದ ಗಾಳಿ ತುಂಬುವ ಲೀಕ್-ಡೌನ್ ಪರೀಕ್ಷೆಯು ಆ ಗಾಳಿಯಲ್ಲಿ ಎಷ್ಟು ಸೋರಿಹೋಯಿತು ಎಂಬುದನ್ನು ತಿಳಿಸುತ್ತದೆ. ರಿಂಗ್ ಹೋಗಿದ್ದರೆ ಆಯಿಲ್ ಹಾಕುವ ಬಾಯಿಯಲ್ಲಿ, ವಾಲ್ವ್ ಸುಟ್ಟಿದ್ದರೆ ಸೈಲೆನ್ಸರಿನಲ್ಲಿ ಅಥವಾ ಇನ್‌ಟೇಕಿನಲ್ಲಿ ಗಾಳಿಯ ಬುಸುಗುಟ್ಟುವ ಸದ್ದು ಕೇಳಬೇಕಿತ್ತು. ಹೆಡ್ ಗ್ಯಾಸ್ಕೆಟ್ ಒಡೆದಿದ್ದರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳಬೇಕಿತ್ತು. ನಿಮ್ಮಲ್ಲಿ ಅದೇನೂ ಇಲ್ಲ, ಸೋರಿಕೆ ಶೇ 10ನ್ನೂ ಮುಟ್ಟಿಲ್ಲ. ಗಾಳಿ ಸೋರುತ್ತಿಲ್ಲ, ಆದರೂ ಒತ್ತಡ ಏರುತ್ತಿಲ್ಲ ಎಂದಾದರೆ ಒಂದೋ ಪಿಸ್ಟನ್ ಪೂರ್ತಿ ಮೇಲಕ್ಕೆ ಬರುತ್ತಿಲ್ಲ, ಇಲ್ಲವೇ ಸಿಲಿಂಡರಿನೊಳಗೆ ಸಾಕಷ್ಟು ಗಾಳಿಯೇ ಬರುತ್ತಿಲ್ಲ. ಎರಡನೆಯದಕ್ಕೆ ವಾಲ್ವುಗಳನ್ನು ತೆರೆಯುವ ಕ್ಯಾಮಿನ ಸವೆತ ಕಾರಣವಾಗಬಹುದು. ವಾಲ್ವ್ ಕವರ್ ತೆಗೆದು ಮೂರನೆಯ ಸಿಲಿಂಡರಿನ ವಾಲ್ವುಗಳು ಉಳಿದವುಗಳಷ್ಟೇ ತೆರೆಯುತ್ತಿವೆಯೇ ಎಂದು ಅಳೆದರೆ ಆ ಸಂದೇಹ ತೀರುತ್ತದೆ. ಆದರೆ ಕೆಳಗಿನಿಂದ ಬರುವ ಕುಟ್ಟುವ ಸದ್ದನ್ನು ಸೇರಿಸಿ ನೋಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಕೆಳಗೆ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿದೆ ಎಂಬುದೇ ನನ್ನ ಬಲವಾದ ಅನುಮಾನ.

ಲೆಕ್ಕವೂ ಇದಕ್ಕೆ ಹೊಂದುತ್ತದೆ. ಸುಮಾರು 82.5 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 9.6ರ ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ) ಇರುವ ಇಂಥ ಇಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ 58 ಸಿ.ಸಿ.ಯಷ್ಟು ಮಾತ್ರ. ರಾಡ್ ಬಾಗಿ ಪಿಸ್ಟನ್ 1 ಮಿ.ಮೀ. ಕೆಳಗೆ ನಿಂತರೆ ಆ ಜಾಗ 5 ಸಿ.ಸಿ.ಗಿಂತ ಸ್ವಲ್ಪ ಹೆಚ್ಚುತ್ತದೆ, ಒಂದೂವರೆ ಮಿ.ಮೀ. ಆದರೆ ಅನುಪಾತ 8.5ರ ಆಸುಪಾಸಿಗೆ ಇಳಿದು, ಒತ್ತಡ ಶೇ 14ರಷ್ಟು ಕುಸಿಯುತ್ತದೆ. ನಿಮ್ಮ 142 ಹೆಚ್ಚುಕಡಿಮೆ ಅಲ್ಲಿಯೇ ಇದೆ.

ಖಚಿತಪಡಿಸಿಕೊಳ್ಳಲು ಇಂಜಿನ್ ಬಿಚ್ಚಬೇಕಿಲ್ಲ. ನಾಲ್ಕು ಸಿಲಿಂಡರಿನ ಸಾಲು ಇಂಜಿನ್ನಿನಲ್ಲಿ ಎರಡನೆಯ ಮತ್ತು ಮೂರನೆಯ ಪಿಸ್ಟನ್‌ಗಳು ಒಟ್ಟಿಗೇ ಮೇಲಕ್ಕೆ ಬರುತ್ತವೆ. ಪ್ಲಗ್‌ಗಳನ್ನು ತೆಗೆದು, ಎರಡೂ ರಂಧ್ರಗಳಲ್ಲಿ ಒಂದೇ ಉದ್ದದ ನೇರವಾದ ಕಡ್ಡಿ ನಿಲ್ಲಿಸಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನವಾಗಿ ತಿರುಗಿಸಿ, ಕಡ್ಡಿಗಳು ಏರುವ ಎತ್ತರವನ್ನು ಡಯಲ್ ಗೇಜಿನಲ್ಲಿ ಹೋಲಿಸಿ ನೋಡಲಿ. ಅದೇ ರಂಧ್ರದಿಂದ ಕೊಳವೆ ಕ್ಯಾಮೆರಾ ಇಳಿಸಿದರೆ, ಬೋರಿನ ಮೇಲಂಚಿನ ಇಂಗಾಲದ ಕಪ್ಪು ಪಟ್ಟಿ ಮೂರನೆಯದರಲ್ಲಿ ಅಗಲವಾಗಿರುವುದೂ, ಓರೆಯಾದ ಪಿಸ್ಟನ್ ಗೋಡೆಗೆ ಉಜ್ಜಿ ಎಳೆದ ನಿಲುವು ಗೀರುಗಳೂ ಕಾಣಬಹುದು.

ರಾಡ್ ಬಾಗುವುದು ಹೇಗೆ? ನೀರು ಗಾಳಿಯಂತೆ ಕುಗ್ಗುವುದಿಲ್ಲ. ಆ 58 ಸಿ.ಸಿ.ಗಿಂತ, ಎಂದರೆ ಒಂದು ಬೈ-ಟು ಕಾಫಿಗಿಂತ, ಹೆಚ್ಚು ನೀರು ಸಿಲಿಂಡರಿಗೆ ನುಗ್ಗಿದರೆ ಸಾಕು, ರಾಡ್ ಮಣಿಯುತ್ತದೆ. ನಿಮ್ಮ ಕಾರು ಬೆಂಗಳೂರಿನದು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರುಗಳಲ್ಲಿ ನಿಂತ ನೀರನ್ನು ಯಾರೂ ಮರೆತಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ, ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನಯವಾದ ಮಣ್ಣಿದೆಯೇ, ಸೀಟಿನಡಿಯ ಬೋಲ್ಟುಗಳು ತುಕ್ಕು ಹಿಡಿದಿವೆಯೇ ಎಂದು ನೋಡಿ. ಹಳೆಯ ವಿಮಾ ಕ್ಲೇಮುಗಳ ವಿವರವನ್ನೂ ಕೇಳಿ. ಆದರೆ ಒಳಾಂಗಣ ಒಣಗಿದೆ ಎಂದ ಮಾತ್ರಕ್ಕೆ ನೀರಿನ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಓಡುತ್ತಿರುವ ಇಂಜಿನ್ ಎದುರಿನ ಬಸ್ಸು ಎಬ್ಬಿಸಿದ ಅಲೆಯಿಂದಲೂ ನೀರನ್ನು ಹೀರಬಲ್ಲದು. ಇನ್ನೊಂದು ಶಂಕೆ ರಿಮ್ಯಾಪಿನದು: ಕಡಿಮೆ ಆರ್.ಪಿ.ಎಂ.ನಲ್ಲಿಯೇ ವಿಪರೀತ ಟಾರ್ಕ್ ಬರುವಂತೆ ಸಾಫ್ಟ್‌ವೇರ್ ತಿದ್ದಿದ್ದರೆ, ನೀರಿಲ್ಲದೆಯೂ ರಾಡ್ ಬಾಗಬಹುದು.

ಈ ಪರೀಕ್ಷೆಗಳು ಮುಗಿಯುವವರೆಗೆ ಕಾರನ್ನು ಓಡಿಸಬೇಡಿ. ಬಾಗಿದ ರಾಡ್ ತುಂಡಾದರೆ ಬ್ಲಾಕನ್ನೇ ತೂತು ಮಾಡಿಬಿಡುತ್ತದೆ. ಸಾಗಿಸಲೇಬೇಕಾದರೆ ಲಾರಿಯ ಮೇಲೆ ಹೇರಿಸಿ. ಅಳತೆಗಳನ್ನೆಲ್ಲ ಗ್ಯಾರೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವ್ಯಾಪಾರಿಯ ಮೇಲೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ.

ಪ್ರಶ್ನೆ: ಆಯಿಲ್ ಬದಲಿಸುವಾಗ ಫಿಲ್ಟರನ್ನು ಕೊಯ್ದು ನೋಡಿದರೆ ಒಳಗಿನ ಹಾನಿ ತಿಳಿಯುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ತಿಳಿಯುತ್ತದೆ, ಆದರೆ ಹ್ಯಾಕ್‌ಸಾ ಬಳಸಬೇಡಿ, ಡಬ್ಬಿಯಿಂದಲೇ ಉದುರುವ ಕಬ್ಬಿಣದ ಪುಡಿಯನ್ನು ಇಂಜಿನ್ನಿನದೆಂದು ಭಾವಿಸಿ ಗಾಬರಿಯಾಗುತ್ತೀರಿ. ಫಿಲ್ಟರ್ ಕತ್ತರಿಸುವುದಕ್ಕೆಂದೇ ಇರುವ ಕಟ್ಟರಿನಿಂದ ತೆರೆದು, ಕಾಗದದ ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಸಿಲಿನಲ್ಲಿ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಉಕ್ಕಿನವು. ಅಂಟದೆ ಬೆಳ್ಳಗೆ ಹೊಳೆಯುವವು ಹೆಚ್ಚಾಗಿ ಪಿಸ್ಟನ್ನಿನ ಅಲ್ಯುಮಿನಿಯಂ. ತಾಮ್ರದ ಬಣ್ಣದವು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿರುವ ಸಾಧ್ಯತೆ ಹೆಚ್ಚು. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಸಂಪ್ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಬಿಚ್ಚಿಸಿ ನೋಡಿಸಿ.